ಕರುಳಿನೊಳಗೊಂದು ಮಿದುಳು

ತುಂಗಭದ್ರೆಯ ಒಂದು ದಡದಲ್ಲಿ ಕಾರ್ಖಾನೆಯ ಊರು ಕುಮಾರಪಟ್ಟಣ. ಇನ್ನೊಂದು ದಡದಲ್ಲಿ ಹರಿಹರ. ಜಿಲ್ಲೆ ಬೇರೆ, ದುಡಿಮೆ ಬೇರೆ. ಕೂಡಿಸುವುದು ನಡುವಣ ಸೇತುವೆ. ಸೇತುವೆ ಒಂದು ದಿನ ಮುಚ್ಚಿದರೂ ಎರಡೂ ಊರುಗಳ ಬದುಕು ನಿಲ್ಲದು. ಮನುಷ್ಯನ ಹೊಟ್ಟೆಗೂ ತಲೆಗೂ ಇರುವ ನಂಟು ಹೆಚ್ಚುಕಡಮೆ ಇಂತಹುದೇ.

ಕರುಳಿನ ಗೋಡೆಯ ಪದರಗಳ ನಡುವೆ ಕೋಟಿಗಟ್ಟಲೆ ನರಕೋಶಗಳು ಬಲೆಯಂತೆ ಹೆಣೆದುಕೊಂಡಿವೆ. 1899ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು ನಾಯಿಯ ಕರುಳಿಗೆ ಹೊರಗಿನಿಂದ ಬರುವ ನರಗಳನ್ನು ಕತ್ತರಿಸಿ ನೋಡಿದರು. ಆದರೂ ಕರುಳು ಒಳಗಿನ ಉಂಡೆಯನ್ನು ಮುಂದಕ್ಕೆ ನೂಕುತ್ತಲೇ ಇತ್ತು! ಮಿದುಳಿನ ಅಪ್ಪಣೆಗೆ ಅದು ಕಾಯಲಿಲ್ಲ. ಇಲ್ಲಿಯ ಸೇತುವೆಯೆಂದರೆ 'ವೇಗಸ್' ನರ. ಅದರ ಎಳೆಗಳಲ್ಲಿ ಹೆಚ್ಚಿನವು ತಲೆಯ ಆಜ್ಞೆಯನ್ನು ಕೆಳಗೆ ಒಯ್ಯುವವಲ್ಲ, ಹೊಟ್ಟೆಯ ಸುದ್ದಿಯನ್ನು ತಲೆಗೆ ಮುಟ್ಟಿಸುವವು. 'ಕರುಳು ಚುರ್ ಎಂದಿತು' ಎನ್ನುವ ನಮ್ಮ ತಾಯಂದಿರು ಇದನ್ನು ಯಾವ ಪ್ರಯೋಗಶಾಲೆಯಲ್ಲಿ ಕಲಿತರೋ!

ಆದರೆ ಸೇತುವೆಯ ಮೇಲೆ ಕೇಡೂ ದಾಟಬಲ್ಲುದು. ಕೈನಡುಕ, ಬಾಗಿದ ಮೈ, ತಡವರಿಸುವ ನಡಿಗೆ, ಇವು 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ವರ್ಣಿಸಿದ ರೋಗದ ಗುರುತುಗಳು. ನಮ್ಮಲ್ಲಿ ಅದಕ್ಕೆ ಕಂಪವಾತವೆಂದು ಹೆಸರು. ರೋಗಿಯ ಮಿದುಳಿನಲ್ಲಿ ಡೋಪಮೀನ್ ತಯಾರಿಸುವ ಕೋಶಗಳು ಸಾಯುತ್ತವೆ. ಆಲ್ಫಾ ಸೈನ್ಯೂಕ್ಲೀನ್ ಎಂಬ ಪ್ರೋಟೀನು ಗಂಟುಕಟ್ಟುತ್ತದೆ. ಅದೇ ಗಂಟುಗಳು ಕರುಳಿನ ನರಗಳಲ್ಲಿಯೂ ಕಂಡುಬಂದಿವೆ. ರೋಗ ಕರುಳಿನಲ್ಲಿ ಮೊದಲಾಗಿ ವೇಗಸ್ ನರದ ಗುಂಟ ಮೇಲೇರುತ್ತದೆಯೆ? 2003ರಲ್ಲಿ ಜರ್ಮನಿಯ ಹೈಕೊ ಬ್ರಾಕ್ ಮುಂದಿಟ್ಟ ಊಹೆಯಿದು. ಹಿಂದೆ ಹೊಟ್ಟೆಹುಣ್ಣಿಗಾಗಿ ಆ ನರವನ್ನು ಕತ್ತರಿಸುವ ಪದ್ಧತಿಯಿತ್ತು. ಡೆನ್ಮಾರ್ಕಿನ ಆಸ್ಪತ್ರೆಗಳ ದಾಖಲೆಗಳನ್ನು ತಿರುವಿ 2015ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ನರದ ಕಾಂಡವನ್ನೇ ಕತ್ತರಿಸಿಕೊಂಡವರಲ್ಲಿ ಈ ರೋಗ ಕಡಮೆ. ಆ ಲೆಕ್ಕವನ್ನು ಒಪ್ಪದವರೂ ಉಂಟು. ಕೆಲವರಲ್ಲಿ ರೋಗ ಮಿದುಳಿನಲ್ಲಿಯೇ ಮೊದಲಾಗುವಂತೆ ಕಾಣುತ್ತದೆ.

ಮನೆಮಂದಿ ತಿಳಿದಿರಬೇಕಾದುದು ಬೇರೊಂದು. ಕೈ ನಡುಗುವುದಕ್ಕೆ ಎಷ್ಟೋ ವರ್ಷ ಮೊದಲೇ ರೋಗಿಗೆ ಮಲಬದ್ಧತೆ ತೋರಿರಬಹುದು. ಮಲಬದ್ಧತೆಯುಳ್ಳವರೆಲ್ಲ ಹೆದರಬೇಕಾಗಿಲ್ಲ, ಬಹುಪಾಲು ಅದಕ್ಕೆ ಸಾಮಾನ್ಯ ಕಾರಣಗಳೇ ಇರುತ್ತವೆ. ಆದರೆ ಅದರೊಡನೆ ಒಗ್ಗರಣೆಯ ವಾಸನೆ ಮೂಗಿಗೆ ತಿಳಿಯದಾದರೆ, ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿದರೆ, ಅಕ್ಷರ ಕಿರಿದಾಗುತ್ತ ಬಂದರೆ, 'ಅಜ್ಜನಿಗೆ ವಯಸ್ಸಾಯಿತು, ಬಿಡಿ' ಎಂದು ಸುಮ್ಮನಿರಬಾರದು; ನರರೋಗ ತಜ್ಞರಿಗೆ ತೋರಿಸಬೇಕು. ಬೇರುಸಹಿತ ಕೀಳುವ ಮದ್ದು ಇನ್ನೂ ಇಲ್ಲ. ಲೀವೊಡೋಪ ಗುಳಿಗೆ ನಡಿಗೆಯನ್ನು ಹಗುರಗೊಳಿಸುತ್ತದೆ. ಅದೂ ಕರುಳನ್ನು ದಾಟಿಯೇ ಮಿದುಳಿಗೆ ಹೋಗಬೇಕು. ಬೇಳೆ, ಹಾಲು, ಮೊಟ್ಟೆಗಳ ಊಟದೊಡನೆ ನುಂಗಿದರೆ ಕೆಲವರಲ್ಲಿ ಅದರ ಗುಣ ತಗ್ಗುತ್ತದೆ. ಅಂಥವರಿಗೆ ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡುವಂತೆ ವೈದ್ಯರು ಹೇಳುವುದುಂಟು.