ನಸುಕಿನ ಧೂಮಕೇತುವನ್ನು ಗುರುತಿಸುವ ಬಗೆ

೨೦೨೪ನೆಯ ಇಸವಿಯ ಸೆಪ್ಟೆಂಬರ್ ತಿಂಗಳ ಕಡೆಯ ದಿನಗಳಲ್ಲಿ ತ್ಸುಚಿನ್‌ಷಾನ್-ಅಟ್ಲಾಸ್ ಎಂಬ ಧೂಮಕೇತು ನಮ್ಮ ಮೂಡಣ ಬಾನಿನಲ್ಲಿತ್ತು. ಅದನ್ನು ನೋಡಬೇಕೆಂದು ನಸುಕಿನಲ್ಲೆದ್ದವರೆಲ್ಲರಿಗೂ ಅದು ಕಾಣಲಿಲ್ಲ. ಇದು ಕಣ್ಣಿನ ದೋಷವಲ್ಲ. ಯಾವ ಹೊತ್ತಿನಲ್ಲಿ, ಯಾವ ಎಡೆಯಲ್ಲಿ, ಯಾವ ರೀತಿಯಲ್ಲಿ ನೋಡಬೇಕೆಂಬುದನ್ನು ಮೊದಲೇ ಅರಿಯದಿದ್ದರೆ ಎಷ್ಟು ಚುರುಕಾದ ಕಣ್ಣಿಗೂ ಮಬ್ಬು ಧೂಮಕೇತು ಸಿಕ್ಕುವುದಿಲ್ಲ.

ಧೂಮಕೇತುವೆಂದರೆ ಹಿಮ ಮತ್ತು ಧೂಳಿನ ಗಡ್ಡೆ. ಸೂರ್ಯನ ಬಳಿಗೆ ಬಂದಾಗ ಹಿಮವು ಆವಿಯಾಗಿ, ಧೂಳನ್ನೂ ಹೊತ್ತುಕೊಂಡು, ಸೂರ್ಯನಿಗೆ ವಿಮುಖವಾಗಿ ಬಾಲದಂತೆ ಚಾಚುವುದು. ಮೇಲೆ ಹೇಳಿದ ಧೂಮಕೇತುವನ್ನು ೨೦೨೩ರ ಜನವರಿಯಲ್ಲಿ ಚೀನಾದೇಶದ ವೀಕ್ಷಣಾಲಯದವರೂ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕದ ಅಟ್ಲಾಸ್ ದೂರದರ್ಶಕವೂ ಕಂಡುಹಿಡಿದುದರಿಂದ ಅದಕ್ಕೆ ಆ ಜೋಡು ಹೆಸರು. ೨೦೨೪ರ ಸೆಪ್ಟೆಂಬರ್ ೨೭ರಂದು ಅದು ಸೂರ್ಯನಿಂದ ಸುಮಾರು ೩ ಕೋಟಿ ೬೦ ಲಕ್ಷ ಮೈಲಿ ದೂರಕ್ಕೆ ಬಂದಿತು. ನಮ್ಮ ಭೂಮಿಯಾದರೋ ೯ ಕೋಟಿ ೩೦ ಲಕ್ಷ ಮೈಲಿ ದೂರದಲ್ಲಿದೆ. ಸೂರ್ಯನಿಗೆ ಹತ್ತಿರವಾದಷ್ಟೂ ಧೂಮಕೇತುವಿನ ಕಾಂತಿ ಹೆಚ್ಚುವುದು. ಆದರೆ ಹತ್ತಿರವಾದಷ್ಟೂ ಅದು ಅರುಣೋದಯದ ಬೆಳಕಿನಲ್ಲಿ ಮುಳುಗುವುದು. ತೊಡಕೆಲ್ಲಾ ಇಲ್ಲಿಯೇ ಇದೆ.

ಅನುಗೊಂಡನಹಳ್ಳಿಯವರಿಗೆ ಒಂದು ಅನುಕೂಲವುಂಟು. ಬೆಂಗಳೂರಿನ ದೀಪಗಳ ಪ್ರಭೆ ಇವರಿಗೆ ಪಶ್ಚಿಮದಲ್ಲಿ, ಎಂದರೆ ಮೂಡಲಿಗೆ ಮುಖಮಾಡಿ ನಿಂತವರ ಬೆನ್ನಿಗೆ. ಅಕ್ಟೋಬರ್ ೨ರಂದು ಮಹಾಲಯ ಅಮಾವಾಸ್ಯೆಯಾದುದರಿಂದ ಬೆಳುದಿಂಗಳ ಕಾಟವೂ ಇರಲಿಲ್ಲ. ಆ ದಿನಗಳಲ್ಲಿ ಇಲ್ಲಿ ಸೂರ್ಯೋದಯವು ೬ ಗಂಟೆ ದಾಟಿದ ಮೇಲೆ. ಬೆಳಗಿನ ೫ರಿಂದ ೫-೩೦ರೊಳಗಿನ ಅರ್ಧ ಗಂಟೆಯೇ ತಕ್ಕ ಸಮಯ. ಅದಕ್ಕೆ ಮುಂಚೆ ಧೂಮಕೇತು ದಿಗಂತದ ಅಂಚಿನಲ್ಲಿ, ಅನಂತರ ಬಾನೇ ಬಿಳುಪು. ಸಿಂಹರಾಶಿಯ ಮಖಾ ನಕ್ಷತ್ರವನ್ನು ಮೊದಲು ಗುರುತಿಸಿ, ಅಲ್ಲಿಂದ ಕೆಳಗೆ ಬಲಕ್ಕೆ, ಚಾಚಿದ ಕೈಯ ಸುಮಾರು ಒಂದು ಗೇಣಿನಷ್ಟು ದೂರ ನೋಡಬೇಕಾಗಿತ್ತು. ನೆಲದಿಂದ ಅದರ ಎತ್ತರ ಚಾಚಿದ ಕೈಯ ಒಂದು ಮುಷ್ಟಿಗಿಂತಲೂ ಕಡಮೆ. ಅಷ್ಟು ತಗ್ಗಿನಲ್ಲಿರುವ ಬೆಳಕು ನೆತ್ತಿಯ ಮೇಲಿನ ಚುಕ್ಕಿಯ ಬೆಳಕಿಗಿಂತ ೬-೭ ಪಟ್ಟು ಹೆಚ್ಚು ಗಾಳಿಯನ್ನು ತೂರಿ ಬರಬೇಕು. ಮಂಜು ಕವಿದರಂತೂ ಕೇಳುವುದೇ ಬೇಡ. ಹೊಸಕೋಟೆಯ ಸೀಮೆಯಲ್ಲಿ ಒಂದು ನೀಲಗಿರಿ ತೋಪು ಅಡ್ಡವಿದ್ದರೂ ಎದ್ದ ಶ್ರಮ ವ್ಯರ್ಥ. ಆದುದರಿಂದ ಮೂಡಲು ಬಯಲಾಗಿರುವ ಮಹಡಿಯನ್ನೋ ಕೆರೆಯ ಏರಿಯನ್ನೋ ಹಿಂದಿನ ಸಂಜೆಯೇ ನೋಡಿಟ್ಟುಕೊಳ್ಳತಕ್ಕದ್ದು.

ಇನ್ನು ಕಣ್ಣಿನ ವಿಷಯ. ಕತ್ತಲೆಗೆ ಕಣ್ಣು ಒಗ್ಗಲು ೨೦-೩೦ ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲು ಫೋನಿನ ಬೆಳಕನ್ನು ನೋಡಿದರೆ ಆ ಒಗ್ಗುವಿಕೆ ಕೆಟ್ಟು ಪುನಃ ಕಾಯಬೇಕು. ಮಬ್ಬು ವಸ್ತುವನ್ನು ನೇರವಾಗಿ ದಿಟ್ಟಿಸಲೂಬಾರದು. ಮಂದವಾದ ಬೆಳಕನ್ನು ಗ್ರಹಿಸುವ ಕಣಗಳು ಕಣ್ಣಿನ ಪರದೆಯ ನಟ್ಟನಡುವೆ ಇಲ್ಲ, ಸುತ್ತಲೂ ಇವೆ. ಆದಕಾರಣ ದೃಷ್ಟಿಯನ್ನು ತುಸು ಪಕ್ಕಕ್ಕೆ ನೆಟ್ಟರೆ, ಇಲ್ಲದಂತಿದ್ದುದು ಮೆಲ್ಲನೆ ತೋರುವುದು. ಜೋಡುಕಣ್ಣಿನ ದುರ್ಬೀನು ಬಹಳ ಸಹಾಯಕ. ಆದರೆ ಸೂರ್ಯೋದಯಕ್ಕೆ ಸಾಕಷ್ಟು ಮೊದಲೇ ಅದನ್ನು ಕೆಳಗಿಡಬೇಕು. ಅದರ ಮೂಲಕ ಸೂರ್ಯನನ್ನು ಒಂದು ಕ್ಷಣ ನೋಡಿದರೂ ಕಣ್ಣು ಹೋಗಬಹುದು.

ಕಂಡುದೆಲ್ಲಾ ಧೂಮಕೇತುವಲ್ಲವೆಂಬುದನ್ನು ವಿಶೇಷವಾಗಿ ಹೇಳಬೇಕು. ಎತ್ತರದಲ್ಲಿ ಹಾರುವ ವಿಮಾನದ ಹೊಗೆಗೆರೆಗೆ ಎಳೆಬಿಸಿಲು ತಗುಲಿದಾಗ ಅದು ನಿಜವಾದ ಧೂಮಕೇತುವಿಗಿಂತ ಚೆಲುವಾಗಿಯೇ ಹೊಳೆಯುವುದು! ಆದರೆ ಅದು ಕೆಲವು ನಿಮಿಷಗಳಲ್ಲಿ ಸರಿಯುವುದು ಇಲ್ಲವೆ ಚದರುವುದು. ಧೂಮಕೇತುವು ನೆರೆಯ ಚುಕ್ಕಿಗಳೊಡನೆಯೇ ಮೇಲೇರುವುದು, ಬಾಲವು ಸೂರ್ಯನು ಹುಟ್ಟುವ ಎಡೆಯಿಂದ ಮೇಲ್ಮುಖವಾಗಿರುವುದು, ಬೆಳಕು ಹರಿದಂತೆ ಮಾಸುವುದು. ಕಡೆಯ ಪರೀಕ್ಷೆ ಮರುದಿನದ್ದು: ಚುಕ್ಕಿಗಳ ನಡುವೆ ಅದರ ಸ್ಥಾನ ಬದಲಾಗಿರಬೇಕು. ೧೭೮೬ರ ಆಗಸ್ಟ್ ೧ರ ರಾತ್ರಿ ಇಂಗ್ಲೆಂಡಿನಲ್ಲಿ ಕೆರೊಲಿನ್ ಹರ್ಷೆಲ್ ಎಂಬ ಮಹಿಳೆಯು ಇಂತಹ ಒಂದು ಮಬ್ಬನ್ನು ಕಂಡರು. ಆದರೆ ಮರುರಾತ್ರಿ ಅದು ಸರಿದಿರುವುದನ್ನು ನೋಡಿದ ಬಳಿಕವೇ ಧೂಮಕೇತುವೆಂದು ನಿಶ್ಚಯಿಸಿದರು. ೧೭೯೭ರ ವೇಳೆಗೆ ಅವರು ಕಂಡುಹಿಡಿದ ಧೂಮಕೇತುಗಳು ೮. ನಮ್ಮ ಹೆಣ್ಣುಮಕ್ಕಳು ಸಹ ಕಂಡುದನ್ನು, ಸುತ್ತಲಿನ ಚುಕ್ಕಿಗಳ ಸಮೇತ, ಒಂದು ಪುಸ್ತಕದಲ್ಲಿ ಬರೆದಿಟ್ಟು ಮರುದಿನ ಹೋಲಿಸಲಿ. ಕಾಣದಿದ್ದರೆ ಕಾಣಲಿಲ್ಲವೆಂದೇ ಬರೆಯಲಿ.

ಧೂಮಕೇತು ಅರಸರಿಗೆ ಕೇಡೆಂಬ ಹಳೆಯ ಅಂಜಿಕೆ ಈಗ ಬಹಳ ಮಟ್ಟಿಗೆ ಹೋಗಿದೆ. ಉಳಿದಿರುವುದು ಹುಡುಗಿಯರನ್ನು ಕತ್ತಲೆಯಲ್ಲಿ ಹೊರಗೆ ಬಿಡುವ ಅಂಜಿಕೆ. ಅದು ನಿರಾಧಾರವೆಂದು ಹೇಳಲಾರೆವು. ಹೊರಗೆ ಬಿಡಬೇಡಿರಿ, ಜೊತೆಗೆ ಹೋಗಿರಿ. ತಾಯಂದಿರಿಗೂ ಆ ಹೊತ್ತಿನಲ್ಲಿ ಅರ್ಧ ಗಂಟೆಯ ಬಿಡುವು ದೊರೆಯಲೆಂಬುದು ನಮ್ಮ ಆಶೆ.

ಇದೇ ತಾಲ್ಲೂಕಿನ ಹೊಸಕೋಟೆಯ ಬಳಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕೇಂದ್ರವೊಂದಿದೆ. ಲಡಾಖಿನ ಹಾನ್ಲೆಯಲ್ಲಿರುವ ೨ ಮೀಟರು ವ್ಯಾಸದ ದೂರದರ್ಶಕವನ್ನು ಅಲ್ಲಿ ಕುಳಿತೇ ನಡೆಯಿಸುತ್ತಾರೆ. ಅಂತಹ ಯಂತ್ರವು ಒಮ್ಮೆಗೆ ಆಕಾಶದ ಸಣ್ಣ ತುಣುಕೊಂದನ್ನು ಮಾತ್ರ ನೋಡಬಲ್ಲದು. ಉದ್ದಬಾಲದ ಧೂಮಕೇತುವನ್ನು ಇಡಿಯಾಗಿ ನೋಡಲು ಬರಿಗಣ್ಣೂ ಚಿಕ್ಕ ದುರ್ಬೀನೂ ಮೇಲು.

ಅಕ್ಟೋಬರ್ ೧೨ರಂದು ಆ ಧೂಮಕೇತು ಭೂಮಿಗೆ ಅತಿ ಸಮೀಪಕ್ಕೆ, ಸುಮಾರು ೪ ಕೋಟಿ ೪೦ ಲಕ್ಷ ಮೈಲಿ ದೂರಕ್ಕೆ ಬಂದು, ಅಲ್ಲಿಂದ ಮುಂದೆ ಸಂಜೆಯ ಪಡುವಣ ಬಾನಿನಲ್ಲಿ ತೋರಿತು. ಆಗ ಅನುಗೊಂಡನಹಳ್ಳಿಯವರು ಅದನ್ನು ಬೆಂಗಳೂರಿನ ದೀಪಗಳ ಪ್ರಭೆಯ ಮೇಲೆಯೇ ಹುಡುಕಬೇಕಾಯಿತು.