ಏಳನೇ ಸಂಖ್ಯೆಯ ಗಂಟೆ

ಕಂಪ್ಯೂಟರ್ ‘ಬೀಪ್’ ಎನ್ನುವುದನ್ನು ಕಲಿತದ್ದು ಟೆಲಿಪ್ರಿಂಟರಿನಿಂದ. ತಂತಿಯಲ್ಲಿ ಬಂದ ಸಂದೇಶವನ್ನು ಕಾಗದದ ಮೇಲೆ ಅಚ್ಚೊತ್ತುವ ಆ ಯಂತ್ರದೊಳಗೆ ನಿಜವಾದ ಲೋಹದ ಗಂಟೆಯೇ ಇರುತ್ತಿತ್ತು. ಯಂತ್ರ ಒಂದು ಮೂಲೆಯಲ್ಲಿ, ನೋಡಿಕೊಳ್ಳುವವರು ಇನ್ನೆಲ್ಲೋ. ಅವರನ್ನು ಕರೆಯಲು ಆಚೆ ತುದಿಯವರು ತಂತಿಯಲ್ಲಿ ಒಂದು ಸಂಕೇತ ಕಳಿಸಿದರೆ ಈಚೆ ಗಂಟೆ ಬಡಿಯುತ್ತಿತ್ತು. ಪತ್ರಿಕಾ ಕಚೇರಿಗಳಲ್ಲಂತೂ ಸುದ್ದಿ ತುರ್ತಿನದಾದಷ್ಟೂ ಬಡಿತ ಹೆಚ್ಚು.

1963ರಲ್ಲಿ ಅಮೆರಿಕದಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಆಸ್ಕಿ ಸಂಕೇತಾವಳಿ ರೂಪುಗೊಂಡಾಗ ಅಕ್ಷರ, ಅಂಕಿಗಳ ನಡುವೆ ಗಂಟೆಗೂ ಜಾಗ ಸಿಕ್ಕಿತು: ಸಂಖ್ಯೆ 7. ಕಾಗದದ ಮೇಲೆ ಏನೂ ಮೂಡದು, ಸದ್ದಷ್ಟೇ. ಕಂಟ್ರೋಲ್ ಕೀಲಿಯ ಜತೆ ಇಂಗ್ಲಿಷಿನ ಏಳನೇ ಅಕ್ಷರವಾದ ‘ಜಿ’ ಒತ್ತಿದರೆ ಅದು ಹೊರಡುತ್ತಿತ್ತು.

ಎಪ್ಪತ್ತರ ದಶಕದಲ್ಲಿ ಕಾಗದ ಹೋಗಿ ಪರದೆ ಬಂತು. ಗಂಟೆಯೂ ಹೋಯಿತು, ಸಂಖ್ಯೆ ಮಾತ್ರ ಉಳಿಯಿತು. 1981ರ ಐಬಿಎಂ ಪಿಸಿಯಲ್ಲಿ ಆ ಕೆಲಸ ಒಂದು ಪುಟ್ಟ ಸ್ಪೀಕರಿನ ಪಾಲಿಗೆ ಬಂತು. ಇಂಟೆಲ್ 8253 ಎಂಬ ಟೈಮರ್ ಚಿಪ್ ಅದಕ್ಕೆ ವಿದ್ಯುತ್ತನ್ನು ಸೆಕೆಂಡಿಗೆ ನೂರಾರು ಸಲ ಕೊಟ್ಟು ತೆಗೆದು ಮಾಡುತ್ತಿತ್ತು. ಸದ್ದು ಏರಿಸಲು ಇಳಿಸಲು ಗುಂಡಿ ಇರಲಿಲ್ಲ. ಟೈಪ್ ಮಾಡುವ ವೇಗಕ್ಕೆ ಯಂತ್ರ ಸೋತು ಕೀಲಿಗಳ ಸಾಲು ತುಂಬಿದರೂ ಅದೇ ಕೀರಲು ದನಿ.

ಈ ಕರ್ಕಶ ಸದ್ದಿನ ನಿಜವಾದ ಬೆಲೆ ತಿಳಿಯುತ್ತಿದ್ದುದು ಪರದೆ ಕತ್ತಲಾದಾಗ. ಸ್ವಿಚ್ ಹಾಕಿದೊಡನೆ ಪಿಸಿ ತನ್ನ ಭಾಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಆಗ ಚಿತ್ರ ಮೂಡಿಸುವ ಕಾರ್ಡೇ ಕೆಟ್ಟಿದ್ದರೆ ದೂರು ಹೇಳುವುದು ಎಲ್ಲಿ? ಆದ್ದರಿಂದ ಐಬಿಎಂ ಬೀಪುಗಳಿಗೆ ಅರ್ಥ ಹಚ್ಚಿತು. ಒಂದು ಗಿಡ್ಡ ಸದ್ದೆಂದರೆ ಎಲ್ಲ ಸರಿ. ಒಂದು ಉದ್ದ, ಎರಡು ಗಿಡ್ಡ ಎಂದರೆ ಪರದೆಯ ಕಾರ್ಡಿನ ತೊಂದರೆ. ಈ ಪರೀಕ್ಷೆ ನಡೆಸುವ ತಂತ್ರಾಂಶವಾದ ಬಯೋಸಿನ ಬೇರೆ ತಯಾರಕರು ತಮ್ಮ ತಮ್ಮದೇ ಭಾಷೆ ಕಟ್ಟಿಕೊಂಡದ್ದು ಬೇರೆ ಗೋಳು. ಆದರೂ ರಿಪೇರಿ ಬಲ್ಲವರು ಸದ್ದು ಕೇಳಿಯೇ ತೊಂದರೆ ಮೆಮೊರಿಯದೆಂದು ತಿಳಿದು ಮುಚ್ಚಳ ತೆರೆದು, ರ್‍ಯಾಮ್ ಕಿತ್ತು, ಅದರ ತುದಿಯನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುತ್ತಿದ್ದರು. ಎಷ್ಟೋ ಸಲ ಅಷ್ಟೇ ಸಾಕಾಗುತ್ತಿತ್ತು.

ಸೌಂಡ್ ಕಾರ್ಡು ಬಂದಮೇಲೆ ಬೀಪ್‌ ಹಿಂದೆ ಸರಿಯಿತು. 1995ರ ವಿಂಡೋಸ್‌ ತೆರೆದುಕೊಳ್ಳುವ ಸದ್ದನ್ನು ಬ್ರಯಾನ್ ಈನೋ ಎಂಬ ಸಂಗೀತಗಾರರೇ ರಚಿಸಿದರು. ವಿಂಡೋಸ್ 7ರ ಹೊತ್ತಿಗೆ ಹಳೆಯ ಬೀಪ್‌ ಆದೇಶವೂ ಮಾಮೂಲಿ ಸ್ಪೀಕರಿಗೇ ತಿರುಗಿತು. ಹೊಸ ಮದರ್‌ಬೋರ್ಡುಗಳ ಜತೆ ಆ ಪುಟ್ಟ ಸ್ಪೀಕರ್ ಬರುವುದೇ ಅಪರೂಪ. ಕೆಲವದರಲ್ಲಿ ದೀಪವೋ ಅಂಕಿಯೋ ದೋಷ ತೋರಿಸುತ್ತದೆ. ದುರಸ್ತಿಗೆ ಅನುಕೂಲವೇ, ಆದರೆ ಅದಕ್ಕೆ ಡಬ್ಬಿಯೊಳಗೆ ಇಣುಕಬೇಕು. ಕರೆಂಟು ಹೋದಾಗ ನಮ್ಮ ಯುಪಿಎಸ್ ಮಾತ್ರ ಇನ್ನೂ ಪಕ್ಕದ ಕೋಣೆಗೂ ಕೇಳುವಂತೆ ಕೂಗುತ್ತದೆ.