ಕರಗಿಸಿದರೆ ಕೆಟ್ಟಿತು

ಅಂಟಾರ್ಕ್ಟಿಕಾದ ಮಂಜುಗಡ್ಡೆಯಲ್ಲಿ ಹಳೆಯ ಕಾಲದ ಗಾಳಿ ಗುಳ್ಳೆಗಳಾಗಿ ಸಿಕ್ಕಿಕೊಂಡಿದೆ. ಇದರ ಸುಳಿವು ಫ್ರಾನ್ಸಿನ ಹಿಮವಿಜ್ಞಾನಿ ಕ್ಲೋಡ್ ಲೋರಿಯಸ್‌ಗೆ ಹೊಳೆದದ್ದು 1965ರಲ್ಲಿ, ವಿಸ್ಕಿಗೆ ಹಾಕಿದ ಹಿಮದ ಚೂರು ಪಟಪಟ ಗುಳ್ಳೆ ಬಿಟ್ಟಾಗ. ಬೇರೆಯವರಾಗಿದ್ದರೆ ಕುಡಿದು ಮಲಗುತ್ತಿದ್ದರೇನೋ!

ಗಾಳಿ ಬೇಕೆಂದರೆ ಹಿಮವನ್ನು ಕರಗಿಸಿದರಾಯಿತಲ್ಲ? ಮೀಥೇನ್ ಅಳೆಯಲು ಹಾಗೆ ಮಾಡುವುದುಂಟು. ಕಾರ್ಬನ್ ಡೈಆಕ್ಸೈಡ್‌ಗೆ ಆ ಉಪಾಯ ನಡೆಯದು. ಅದು ನೀರಿನಲ್ಲಿ ಕರಗಿಬಿಡುತ್ತದೆ. ಸಾಲದ್ದಕ್ಕೆ, ಹಿಮದ ದೂಳಿನಲ್ಲಿರುವ ಕಾರ್ಬೊನೇಟಿಗೆ ಆಮ್ಲ ತಾಗಿದರೆ ಹೊಸದಾಗಿಯೂ ಹುಟ್ಟುತ್ತದೆ. ದೂಳು ಹೆಚ್ಚಿರುವ ಗ್ರೀನ್‌ಲ್ಯಾಂಡಿನ ಹಿಮವನ್ನು ಈ ಲೆಕ್ಕಕ್ಕೆ ನಂಬದಿರುವುದೂ ಇದಕ್ಕೇ. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದಲ್ಲಿ ಕೆಲವೇ ಗ್ರಾಂ ತೂಕದ ತುಣುಕನ್ನು ನಿರ್ವಾತದ ಪಾತ್ರೆಯಲ್ಲಿಟ್ಟು, ಕರಗಲು ಬಿಡದೆ, ಸೂಜಿಗಳಿಂದ ಚಚ್ಚಿ ಪುಡಿ ಮಾಡುತ್ತಾರೆ. ಹೊರಬಿದ್ದ ಗಾಳಿಯಲ್ಲಿ ಲೇಸರ್ ಹಾಯಿಸಿ, ಎಷ್ಟು ಬೆಳಕು ಹೀರಲ್ಪಟ್ಟಿತೆಂದು ನೋಡಿದರೆ ಅನಿಲದ ಪ್ರಮಾಣ ಸಿಗುತ್ತದೆ.

ಇನ್ನು ವಯಸ್ಸಿನ ತಕರಾರು. ಬಿದ್ದ ಹಿಮ ಕೂಡಲೇ ಗಾಳಿಯನ್ನು ಮುಚ್ಚಿಡುವುದಿಲ್ಲ. ಮೇಲಿನ ಭಾರಕ್ಕೆ ಒತ್ತಿ ಒತ್ತಿ, ಐವತ್ತು-ನೂರು ಮೀಟರ್ ಆಳಕ್ಕೆ ಇಳಿದ ಮೇಲೆ ರಂಧ್ರಗಳು ಮುಚ್ಚುತ್ತವೆ. ಅಲ್ಲಿಯವರೆಗೆ ಒಳಗಿನ ಗಾಳಿಗೆ ಹೊರಗಿನದರ ಜೊತೆ ಓಡಾಟ ಇದ್ದೇ ಇರುತ್ತದೆ. ಹಾಗಾಗಿ ಗುಳ್ಳೆಯ ಗಾಳಿ ಸುತ್ತಲಿನ ಹಿಮಕ್ಕಿಂತ ಯಾವಾಗಲೂ ವಯಸ್ಸಿನಲ್ಲಿ ಚಿಕ್ಕದು. ಹಿಮ ಅಪರೂಪಕ್ಕೆ ಬೀಳುವ ಕಡೆ ಈ ಅಂತರ ಸಾವಿರಾರು ವರ್ಷ. ತಾಪ ಮೊದಲು ಏರಿತೋ ಅನಿಲ ಮೊದಲು ಏರಿತೋ ಎಂಬ ಜಗಳದ ಬಹುಪಾಲು ಹುಟ್ಟಿದ್ದು ಇಲ್ಲೇ.

ಇಷ್ಟೆಲ್ಲ ಕಸರತ್ತಿನ ಮೇಲೂ ಅಂಕಿ ನಂಬಬಹುದೇ? ನಂಬಬಹುದು. ಹಿಮ ಧಾರಾಳವಾಗಿ ಬೀಳುವ, ಅಂಟಾರ್ಕ್ಟಿಕಾದ ಲಾ ಡೋಮ್‌ನಲ್ಲಿ 20ನೇ ಶತಮಾನದ ಗಾಳಿಯೂ ಗುಳ್ಳೆಯಲ್ಲಿದೆ. ಅದರ ಅಳತೆ, ಉಪಕರಣಗಳು ನೇರವಾಗಿ ಗಾಳಿಯಲ್ಲಿ ಅಳೆದ ದಾಖಲೆಯೊಂದಿಗೆ ಚೆನ್ನಾಗಿ ಕೂಡಿಕೊಳ್ಳುತ್ತದೆ.

ಡೋಮ್ ಸಿ ಎಂಬಲ್ಲಿ ಯುರೋಪಿನ ತಂಡ 2004ರ ಕೊನೆಗೆ ಸುಮಾರು 3,270 ಮೀಟರ್ ಕೊರೆದು ಎಂಟು ಲಕ್ಷ ವರ್ಷಗಳ ಗಾಳಿಯ ಚರಿತ್ರೆ ತೆಗೆಯಿತು. ಅಷ್ಟೂ ಕಾಲ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 170ರಿಂದ 300 ಭಾಗಗಳ ನಡುವೆಯೇ ಇತ್ತು. ಈಗ 420 ದಾಟಿದೆ.

ಈ ಚರಿತ್ರೆ ಮುಟ್ಟದಷ್ಟು ಹಿಂದೆ, ಸುಮಾರು ಹತ್ತು ಲಕ್ಷ ವರ್ಷಗಳ ಕೆಳಗೆ, ಹಿಮಯುಗಗಳ ಆವರ್ತ 41 ಸಾವಿರ ವರ್ಷದಿಂದ ಲಕ್ಷ ವರ್ಷಕ್ಕೆ ಹಿಗ್ಗಿತು. ಇದರಲ್ಲಿ ಈ ಅನಿಲದ ಕೈವಾಡವಿದೆಯೇ ಎಂದು ತಿಳಿಯಲು ಹತ್ತಿರದ ಲಿಟಲ್ ಡೋಮ್ ಸಿಯಲ್ಲಿ ಮತ್ತೆ ಕೊರೆದಿದ್ದಾರೆ. 2025ರ ಜನವರಿಯಲ್ಲಿ 2,800 ಮೀಟರ್ ಆಳದಲ್ಲಿ ಬಂಡೆ ಮುಟ್ಟಿದೆ. ಅಲ್ಲಿ ಸಿಕ್ಕ ಹಿಮದ ವಯಸ್ಸು ಕನಿಷ್ಠ 12 ಲಕ್ಷ ವರ್ಷ.